ಮುನ್ನೂರ ಹನ್ನೆರಡನೆಯ ರಫು

ರಫಮ್ಮ ಹಾಕಿದ ರಫುವನ್ನು ಕಂಡುಹಿಡಿಯುವ ಕಣ್ಣು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ. ಹೀಗೆ ಹೇಳುವವರು ಬೇರೆ ಯಾರೂ ಅಲ್ಲ, ಸ್ವತಃ ರಫಮ್ಮನೇ. ಕೋಟಿನ ಬೆನ್ನಿಗೆ ಅಂಗೈಯಗಲ ತೂತು ಬಿದ್ದಿರಲಿ, ಇಲಿಯೊಂದು ಅದರಲ್ಲಿ ಸಂಸಾರ ಹೂಡಿ ಮಕ್ಕಳುಮರಿಗಳ ಸಮೇತ ಖಾಲಿ ಮಾಡಿಕೊಂಡು ಹೋಗಿರಲಿ, ಅವಳು ಅದೇ ಬಟ್ಟೆಯ ಅಂಚಿನಿಂದ ಎಳೆ ಕಿತ್ತು, ಒಂದೆಳೆ ಮೇಲೆ ಒಂದೆಳೆ ಕೆಳಗೆ ಎಂದು ಸೂಜಿಯಲ್ಲೇ ನೇಯ್ದು ಮುಚ್ಚಿದಳೆಂದರೆ, ಆ ಬಟ್ಟೆ ಹುಟ್ಟಿದ ಮಗ್ಗವೇ ಎದ್ದು ಬಂದರೂ 'ಇದು ನನ್ನದೇ ಕೆಲಸ' ಎಂದು ಸಹಿ ಹಾಕಿ ಹೋಗಬೇಕು. ಒಮ್ಮೆ ಒಬ್ಬ ಗಿರಾಕಿ ತನ್ನ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನನ್ನದಲ್ಲ, ನನ್ನದರಲ್ಲಿ ತೂತಿತ್ತು" ಎಂದು ಜಗಳ ತೆಗೆದು, ಕೊನೆಗೆ ತೂತಿದ್ದ ಬೇರೆ ಯಾರದೋ ಅಂಗಿ ಎತ್ತಿಕೊಂಡು ಸಮಾಧಾನದಿಂದ ಮನೆಗೆ ಹೋದನಂತೆ.

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವಳಿಗೂ ಇತ್ತು. ಅದು ಈಗ ಪಾಸ್‌ಪೋರ್ಟಿನೊಳಗೆ ಮಾತ್ರ ವಾಸ. ರಫಮ್ಮ ಎಂದು ನಾಮಕರಣ ಮಾಡಿದವರು ಅಕ್ಕನ ಗಂಡ, ಅಂದರೆ ಭಾವ. ಲಿಫ್ಟು ರಿಪೇರಿ ಅವರ ಕಸುಬು. ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸಿ ಸಾಗಿಸಿ, ಮಾತಿನಲ್ಲೂ ಯಾರನ್ನಾದರೂ ಏಳನೇ ಮಹಡಿಗೆ ಏರಿಸಿ ಅಲ್ಲಿಂದ ಧೊಪ್ಪನೆ ಇಳಿಸುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು.

ರಫಮ್ಮ ಇಪ್ಪತ್ತಾರು ವರ್ಷ ಒಂದು ಟೈಲರ್ ಅಂಗಡಿಯ ಮೆಟ್ಟಿಲಿನ ಕೆಳಗೆ ಕೂತು ಕೆಲಸ ಮಾಡಿದವಳು. ಆ ಜಾಗ ಎಷ್ಟು ಕಿರಿದೆಂದರೆ ಆಕಳಿಕೆ ಬಂದರೆ ಹೊರಗೆ ಬಂದು ಆಕಳಿಸಿ ಮತ್ತೆ ಒಳಗೆ ಹೋಗಬೇಕಿತ್ತು. ಆಮೇಲೆ ಹರಿದದ್ದನ್ನು ಎಸೆದು ಹೊಸದು ತರುವ ಕಾಲ ಬಂತು. ರಫು ಮಾಡಿಸುವವರು ಒಬ್ಬೊಬ್ಬರಾಗಿ ಕಡಿಮೆಯಾಗಿ, ಕೊನೆಗೆ ಸೂಜಿಗೂ ಅವಳಿಗೂ ಬಿಟ್ಟರೆ ಅಲ್ಲಿ ಮೂರನೆಯವರು ಇರಲಿಲ್ಲ. ಅಷ್ಟು ಹೊತ್ತಿಗೆ ಹೊರದೇಶದಲ್ಲಿದ್ದ ಅಕ್ಕನಿಗೆ ಮಂಡಿ ಆಪರೇಷನ್ ಆಯಿತು. "ಆರು ತಿಂಗಳು ಬಂದು ಹೋಗೇ ಪುಟ್ಟಿ" ಎಂದಳು ಅಕ್ಕ, ಐವತ್ತರ ಹತ್ತಿರ ಬಂದಿದ್ದ ತಂಗಿಗೆ. ಪುಟ್ಟಿ ಒಂದು ಸೀರೆಗಂಟು, ಹದಿನಾಲ್ಕು ಕಿಲೋ ಹತ್ತಿ ದಾರದ ಉಂಡೆಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ವಿಮಾನ ಹತ್ತಿದಳು. ಆ ದಾರವನ್ನು ಬಿಚ್ಚಿ ಎಳೆದಿದ್ದರೆ ವಾಪಸು ಹೋಗಲು ವಿಮಾನ ಬೇಕಿರಲಿಲ್ಲ, ಹಿಡಿದುಕೊಂಡು ನಡೆದೇ ಹೋಗಬಹುದಿತ್ತು.

ಆರು ತಿಂಗಳು ನಾಲ್ಕು ವರ್ಷವಾಯಿತು. ಅದಕ್ಕೆ ಕಾರಣ ಆಸ್ಪತ್ರೆಯ ಒಂದು ಬೆಡ್‌ಶೀಟು. ಅಕ್ಕನ ಮಂಚದ ಪಕ್ಕ ಕೂತು ಕೂತು ಬೇಸರವಾಗಿ, ಅಕ್ಕ ಮಲಗಿದ್ದ ಬೆಡ್‌ಶೀಟಿನ ತೂತನ್ನು ಅಕ್ಕ ಮಲಗಿರುವಂತೆಯೇ ರಫು ಮಾಡತೊಡಗಿದಳು. ಕೆಲಸ ಅರ್ಧವಾಗಿರುವಾಗ ನರ್ಸು ಬಂದದ್ದು ಪುಣ್ಯ. ಮುಗಿದ ಮೇಲೆ ಬಂದಿದ್ದರೆ ಅಲ್ಲಿ ತೂತಿತ್ತೆಂದೇ ನಂಬುತ್ತಿರಲಿಲ್ಲ. ಮಾತು ನರ್ಸಿನಿಂದ ಕೆಳಗಿಳಿಯಿತು. ಹದಿನೈದು ದಿನದಲ್ಲಿ ರಫಮ್ಮನಿಗೆ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಬಟ್ಟೆ ದುರಸ್ತಿಯ ಕೆಲಸ ಸಿಕ್ಕಿತು.

ಅಲ್ಲಿ ಆನೆಮರಿಯ ಗಾತ್ರದ ಐದು ಒಗೆಯುವ ಯಂತ್ರಗಳು, ಒಣಗಿಸುವವು ನಾಲ್ಕು. ರಫಮ್ಮನ ಮೇಜಿನ ಮೇಲೊಂದು ಕಿಟಕಿ. ಅದು ಬೀದಿಯ ಮಟ್ಟಕ್ಕಿದ್ದುದರಿಂದ ಮನುಷ್ಯರು ಕಾಣುತ್ತಿರಲಿಲ್ಲ, ಅವರ ಚಪ್ಪಲಿ ಬೂಟುಗಳು ಮಾತ್ರ ಓಡಾಡುತ್ತಿದ್ದವು. ಸೂಪರ್‌ವೈಸರ್ ಹೆಂಗಸು ಬಾಗಿಲಿಗಿಂತ ಎತ್ತರ. ಆಕೆ ನಕ್ಕದ್ದನ್ನು ಕಂಡವರು ಯಾರೂ ಆ ಲಾಂಡ್ರಿಯಲ್ಲಿ ಉಳಿದಿರಲಿಲ್ಲ. ಎಲ್ಲರೂ ಅಷ್ಟು ಹಿಂದೆಯೇ ರಿಟೈರಾಗಿದ್ದರು. ಮೊದಲ ದಿನ ಆಕೆ ಪಾಲಿಯೆಸ್ಟರ್ ದಾರದ ದೊಡ್ಡ ಉರುಳೆಯನ್ನು ಮುಂದಿಟ್ಟಳು. ರಫಮ್ಮನಿಗೆ ಆ ದೇಶದ ಭಾಷೆಯಲ್ಲಿ ಬರುತ್ತಿದ್ದದ್ದು ನಲವತ್ತೇ ಪದ. ಅವುಗಳಲ್ಲಿ ಮೂರನ್ನು ಖರ್ಚು ಮಾಡಿದಳು.

"ಇದು ಜಾರುತ್ತೆ. ಬೇಡ."

ಎಂದವಳೇ ತನ್ನ ಹತ್ತಿ ದಾರ ತೆಗೆದು ಕೂತಳು. ಒಂದು ರಫು ಮುಗಿದರೆ ಪಕ್ಕದ ಮೊಳೆಗೆ ನೇತುಹಾಕಿದ ದಾರಕ್ಕೆ ಒಂದು ಗಂಟು. ಒಂದೊಂದು ಬೆಡ್‌ಶೀಟಿಗೂ ಬೇರೆ ಬೇರೆ ದಾರ. ಮೆಟ್ಟಿಲಿನ ಕೆಳಗಿದ್ದಾಗಿನಿಂದ ಬಂದ ಅಭ್ಯಾಸ ಅದು. ಈ ದೇಶಕ್ಕೆ ಬಂದ ಮಾತ್ರಕ್ಕೆ ಬಿಡಲಿಕ್ಕೆ ಅದೇನು ಚಟವೇ?

ಭಾನುವಾರದ ಮಧ್ಯಾಹ್ನಗಳಲ್ಲಿ ಅವಳಿಗೆ ಸುಮ್ಮನೆ ನಡೆಯುವ ಹುಚ್ಚು. ಹಾಗೆ ನಡೆಯುತ್ತಿದ್ದಾಗ ಒಂದು ದಿನ ಹಳೆಯ ಇಟ್ಟಿಗೆ ಕಟ್ಟಡವೊಂದರಿಂದ ಸದ್ದು ಕೇಳಿತು. ಖಟ್, ಖಟ್, ನಡುವೆ ಒಂದು ಉಸಿರಿನಷ್ಟು ಬಿಡುವು. ಎಲ್ಲಿದ್ದರೂ ಗುರುತು ಹಿಡಿಯುವ ಸದ್ದು. ಮಗ್ಗ! ಕಟ್ಟಡ ಒಂದು ಕಾಲಕ್ಕೆ ಬೆಂಕಿಪೊಟ್ಟಣದ ಕಾರ್ಖಾನೆಯಾಗಿತ್ತಂತೆ. ಈಗ ಅದರ ಕೋಣೆ ಕೋಣೆಗೂ ಒಬ್ಬೊಬ್ಬ ಕೈಕೆಲಸದವರು. ಮಗ್ಗದ ಮುಂದೆ ಕೂತಿದ್ದ ಅಜ್ಜಿಗೆ ಎಪ್ಪತ್ತೋ ಎಂಬತ್ತೋ; ಮುಖದ ಗೆರೆಗಳನ್ನು ಎಣಿಸಿದರೆ ಇನ್ನೂರು. ರಫಮ್ಮ ತನ್ನ ರವಿಕೆಯ ತೋಳನ್ನು ಮುಂದೆ ಚಾಚಿ, ಬೆರಳಾಡಿಸಿ ತೋರಿಸಿ, ಇಲ್ಲೊಂದು ರಫು ಇದೆ, ತಾಕತ್ತಿದ್ದರೆ ಹುಡುಕಿ ಎಂದು ಸನ್ನೆ ಮಾಡಿದಳು. ಮಗ್ಗದಜ್ಜಿ ಕನ್ನಡಕ ಹಾಕಿದರು, ತೆಗೆದರು, ಬೆಳಕಿಗೆ ಹಿಡಿದರು. ಕಾಣಲಿಲ್ಲ. ಆಮೇಲೆ ಕಣ್ಣು ಮುಚ್ಚಿ ತೋರುಬೆರಳನ್ನು ಬಟ್ಟೆಯ ಮೇಲೆ ಎರಡು ಸಲ ಎಳೆದು ತಟ್ಟನೆ ನಿಲ್ಲಿಸಿದರು.

"ಇಲ್ಲಿ."

ರಫಮ್ಮ ತೋಳನ್ನು ಹಿಂದಕ್ಕೆಳೆದುಕೊಂಡು ತಾನೂ ಒಮ್ಮೆ ಸವರಿ ನೋಡಿದಳು. ಮನೆಗೆ ಬಂದು ಭಾವನಿಗೆ ಹೇಳಿದ್ದು ಬೇರೆ: "ನಾನು ಕಣ್ಣು ಅಂದಿದ್ದೆ ಭಾವ, ಬೆರಳು ಅಂದಿರಲಿಲ್ಲ. ಮಾತಿಗೆ ಮಾತು, ಈಗಲೂ ನಾನೇ ಗೆದ್ದಿದ್ದು."

ಆ ಕಟ್ಟಡದ ಮೂಲೆಯಲ್ಲಿ ಒಂದು ಕೋಣೆ ಖಾಲಿಯಿತ್ತು. ಗೋಡೆಯಗಲದ ಕಿಟಕಿ, ಆಳುದ್ದದ ಮೇಜು, ಎರಡು ಒಲೆ, ಎಮ್ಮೆ ತೊಳೆಯುವಷ್ಟು ದೊಡ್ಡ ತೊಟ್ಟಿ. ವರ್ಷಕ್ಕೊಮ್ಮೆ ಅದನ್ನು ಹೊಸಬರೊಬ್ಬರಿಗೆ ಪುಕ್ಕಟೆ ಬಿಟ್ಟುಕೊಡುತ್ತಿದ್ದರು. ಕಾರಿಡಾರಿನ ಗೋಡೆಗೆ ನಿಮ್ಮ ಕೈಯಾರೆ ಮಾಡಿದ್ದೊಂದನ್ನು ಒಂದು ವಾರ ನೇತುಹಾಕಬೇಕು; ಎರಡನೆಯ ಭಾನುವಾರ ಒಳಗಿನವರೆಲ್ಲ ಸೇರಿ ಯಾರಿಗೆ ಕೋಣೆ ಎಂದು ಹೇಳುತ್ತಾರೆ. ಮಗ್ಗದಜ್ಜಿ ಇಷ್ಟನ್ನೂ ಕೈಸನ್ನೆಯಲ್ಲೇ ತಿಳಿಸಿ ಕೊನೆಗೆ ರಫಮ್ಮನ ಎದೆಗೆ ಬೆರಳು ತೋರಿಸಿದರು. ನೀನು.

ಅಂದಿನಿಂದ ಅಕ್ಕನ ಮನೆಗೆ ಶನಿ ಹೆಗಲೇರಿತು.

ಮೊದಲು ಧೂಳು. ಲಾಂಡ್ರಿಯ ಒಣಗಿಸುವ ಯಂತ್ರಗಳ ಜಾಲರಿಯಲ್ಲಿ ದಿನವೂ ಮೆತ್ತನೆಯ ನಾರುಧೂಳು ಸೇರುತ್ತಿತ್ತು. ಆಪರೇಷನ್ ಗೌನುಗಳ ದಿನ ಹಸಿರು, ಕಂಬಳಿಗಳ ದಿನ ನೀಲಿ, ಬೆಡ್‌ಶೀಟಿನ ದಿನ ಮೋಡದ ಬಿಳಿ. ಇದನ್ನು ಅಂಟು ಹಾಕಿ ತಟ್ಟಿದರೆ ಕಂಬಳಿಯಂಥ ಬಟ್ಟೆಯಾಗುತ್ತದೆಂದು ಅವಳ ಲೆಕ್ಕ. ಆದದ್ದು ಗೋಡೆಯ ಗಾರೆ. ಒಣಗಿದ ಮೇಲೆ ಭಾವ ಮುಟ್ಟಿದರು, ಅದು ಪುಡಿಯಾಯಿತು, ಅವರು ಸೀನಿದರು. ಮೂರು ದಿನ ಸೀನಿದರು. ಆ ಸೀನಿಗೆ ನಾಲ್ಕನೇ ಮಹಡಿಯಲ್ಲಿ ನಿಂತಿದ್ದ ಲಿಫ್ಟು ತಾನಾಗಿ ಕೆಳಗೆ ಬಂತೆಂದು ಅಕ್ಕಪಕ್ಕದವರು ಈಗಲೂ ಹೇಳುತ್ತಾರೆ.

ಆಮೇಲೆ ಬಣ್ಣ ತೆಗೆಯಲು ಈರುಳ್ಳಿ ಸಿಪ್ಪೆ. ತರಕಾರಿ ಅಂಗಡಿಯವನು ಇವಳು ಆಡು ಸಾಕಿದ್ದಾಳೆಂದು ತಿಳಿದು ಗೋಣಿಗಟ್ಟಲೆ ಕೊಟ್ಟ. ಆಮೇಲೆ ಬಳಸಿದ ಚಹಾಪುಡಿ. ಆಮೇಲೆ ವಿನೆಗರಿನಲ್ಲಿ ನೆನೆಹಾಕಿದ ತುಕ್ಕು ಮೊಳೆಗಳು. ಭಾವನ ಕೆಲಸದ ಪೆಟ್ಟಿಗೆಯಲ್ಲಿ ತುಕ್ಕಿಗೇನು ಬರವೇ? ಕುಕ್ಕರು ಕೂಗುತ್ತಿತ್ತು, ಮನೆಯೆಲ್ಲ ಘಮವೋ ನಾತವೋ ತಿಳಿಯದ ಒಂದು ವಾಸನೆ.

"ಒಲೆ ಮೇಲೆ ಬೇಯ್ತಿರೋದು ಊಟವೋ ಉಡುಪೋ, ಸ್ವಲ್ಪ ಮೊದಲೇ ಹೇಳಿಬಿಡಮ್ಮಾ ರಫಮ್ಮ," ಎಂದು ಭಾವ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. "ಉಪ್ಪು ಹಾಕಬೇಕೋ ಇಸ್ತ್ರಿ ಹಾಕಬೇಕೋ ಗೊತ್ತಾಗಬೇಕಲ್ಲ."

"ನೀವು ಹಾಕ್ಕೊಂಡಿರೋ ಬನಿಯನ್ನಿಗಿಂತ ರುಚಿಯಾಗೇ ಇದೆ ಭಾವ, ತಿಂದು ನೋಡಿ."

"ನನ್ನ ಬಟ್ಟೆ ಸುದ್ದಿಗೆ ಬರಬೇಡ. ನನ್ನ ಆ ಬೂದು ಪ್ಯಾಂಟು ನೋಡು. ಹನ್ನೆರಡು ವರ್ಷ ಆಯ್ತು, ಒಂದು ಎಳೆ ಅಲ್ಲಾಡಿಲ್ಲ, ಇವತ್ತಿನವರೆಗೂ ಸೂಜಿ ಮುಖ ಕಂಡಿಲ್ಲ. ಬಟ್ಟೆ ಅಂದ್ರೆ ಅದು! ನಿನ್ನಂಥವರಿಗೆ ಕೆಲಸವೇ ಕೊಡದ ಬಟ್ಟೆ."

ಅಕ್ಕನಿಗೆ ಆ ಗಳಿಗೆಯಲ್ಲಿ ಕೆಮ್ಮು ಬಂದು, ಒಗ್ಗರಣೆ ಸೌಟನ್ನು ಹಿಡಿದುಕೊಂಡೇ ಬಾಲ್ಕನಿಗೆ ಹೋದಳು.

ಅಕ್ಕನ ತಾಳ್ಮೆ ದೊಡ್ಡದು, ಆದರೆ ಅದಕ್ಕೂ ತಳವಿತ್ತು. ತುಕ್ಕಿನ ನೀರು ಸೋರಿ ಅವಳ ಬಿಳಿ ಪರದೆಗೆ ಅಂಟಿದ ದಿನ ಆ ತಳ ಕಂಡಿತು.

"ಪುಟ್ಟೀ, ಇಲ್ಲಿ ಬಾ. ಇದು ಎರಡು ಕೋಣೆ ಮನೆ ಕಣೇ, ಕಾರ್ಖಾನೆ ಅಲ್ಲ. ನಿನ್ನೆ ನಾನು ಕುಡಿದಿದ್ದು ಚಹಾನೋ ನಿನ್ನ ಬಣ್ಣವೋ, ದೇವರಾಣೆಗೂ ನನಗೆ ಗೊತ್ತಿಲ್ಲ. ಒಂದು ಮಾತು ಹೇಳು. ಆ ಕೋಣೆ ಸಿಗತ್ತೋ ಇಲ್ಲವೋ?"

"ಸಿಗತ್ತೆ ಅಕ್ಕಾ."

"ಸಿಗಲಿಲ್ಲ ಅಂದ್ರೆ?"

ರಫಮ್ಮ ಪರದೆಯ ಕಲೆಯನ್ನು ಉಗುರಿನಿಂದ ಕೆರೆದು ನೋಡಿದಳು. ಆಮೇಲೆ ಹೇಳಿದಳು: "ಸಿಗಲಿಲ್ಲ ಅಂದ್ರೆ ಸಿಪ್ಪೆ, ತುಕ್ಕು, ಧೂಳು ಎಲ್ಲ ಕಸಕ್ಕೆ. ಲಾಂಡ್ರಿ ಆಯ್ತು, ಮನೆ ಆಯ್ತು ಅಂತ ಇರ್ತೀನಿ. ಮತ್ತೆ ಈ ಮಾತೇ ಎತ್ತಲ್ಲ."

ಹೇಳುವಾಗ ಸುಲಭವಾಗಿ ಹೇಳಿದಳು. ಆದರೆ ಮೆಟ್ಟಿಲಿನ ಕೆಳಗಿನ ಇಪ್ಪತ್ತಾರು ವರ್ಷ ಬೇರೆಯವರ ಬಟ್ಟೆಯನ್ನು ಮೊದಲಿದ್ದ ಹಾಗೇ ಮಾಡಿಕೊಟ್ಟವಳು, ಮೊದಲು ಇಲ್ಲದ್ದನ್ನು ಮಾಡುವ ರುಚಿಯನ್ನು ಈಗ ಎರಡು ತಿಂಗಳಿಂದ ಕಂಡಿದ್ದಳು. ಐವತ್ತೆರಡನೇ ವಯಸ್ಸಿಗೆ ಹತ್ತಿದ ರುಚಿ. ಬಿಡು ಎಂದರೆ ಬಿಟ್ಟು ಹೋಗುವುದಲ್ಲ.

ಹೆದರಿಕೆ ಹುಟ್ಟಿತು ನೋಡಿ, ಆಗ ಅವಳು ಎಲ್ಲ ಕಸುಬುದಾರರೂ ಮಾಡುವುದನ್ನೇ ಮಾಡಿದಳು. ಗೊತ್ತಿಲ್ಲದ್ದನ್ನು ಬಿಟ್ಟು ಗೊತ್ತಿದ್ದಕ್ಕೆ ಓಡಿದಳು. ಲಾಂಡ್ರಿಯಲ್ಲಿ ನಾನೂರ ಏಳನೇ ನಂಬರಿನ ಒಂದು ಬೆಡ್‌ಶೀಟಿತ್ತು. ಮೂರು ವರ್ಷದಿಂದ ಹರಿದು ಹರಿದು ಅವಳ ಮೇಜಿಗೇ ಬರುತ್ತಿದ್ದ ಹಳೆಯ ನೆಂಟ. ಅದನ್ನು ಒರೆಸುವ ಬಟ್ಟೆಗೆ ಕತ್ತರಿಸಬೇಕೆಂದು ಆಸ್ಪತ್ರೆಯವರು ಬೇರೆಯಿಟ್ಟಾಗ, ರಫಮ್ಮ ಸೂಪರ್‌ವೈಸರಿನ ಮುಂದೆ ನಿಂತು ಕೈಮುಗಿದು ಕೇಳಿಕೊಂಡಳು. ಆಕೆ ಭುಜ ಕುಣಿಸಿ ಕೊಟ್ಟುಬಿಟ್ಟಳು. ಉಳಿದಿದ್ದ ತೂತುಗಳನ್ನೆಲ್ಲ ಮೂರು ವಾರದಲ್ಲಿ ಮುಚ್ಚಿದಳು. ಒಂದಕ್ಕಿಂತ ಒಂದು ನಾಜೂಕು. ದಾರದ ಗಂಟು ಎಣಿಸಿದಳು. ಮುನ್ನೂರ ಹನ್ನೆರಡು.

"ಮುನ್ನೂರ ಹನ್ನೆರಡು ರಫು ಭಾವ! ಒಂದೇ ಒಂದು ಹುಡುಕಿಕೊಡಿ ನೋಡೋಣ!"

ಭಾವ ಬೆಡ್‌ಶೀಟಿನ ಮುಂದೆ, ಹಿಂದೆ, ಒಮ್ಮೆ ಅಡಿಯಿಂದಲೂ ತೂರಿ ನೋಡಿ ಬಂದರು. "ಇಲ್ಲಮ್ಮ. ಒಂದೂ ಇಲ್ಲ."

"ಅದೇ ಮತ್ತೆ!" ಎಂದು ಅವಳು ಹಿಗ್ಗಿ ಹೀರೇಕಾಯಿಯಾದಳು.

ಯಾರಿಗೂ ಕಾಣದ ಹಾಗೆ ಮಾಡಿದ ಕೆಲಸವನ್ನು ಎಲ್ಲರೂ ನೋಡಲೆಂದು ಗೋಡೆಗೆ ನೇತುಹಾಕಲು ಹೊರಟಿದ್ದೇನೆ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ. ರಫು ಮಾಡುವವರ ಹೊರತು ಇಂಥ ತಪ್ಪು ಮಾಡುವವರು ಜಗತ್ತಿನಲ್ಲಿ ಬೇರೆ ಯಾರಿದ್ದಾರೆ? ಕಳ್ಳನೊಬ್ಬ ತನ್ನ ಹೆಜ್ಜೆಗುರುತು ಅಳಿಸಿದ್ದಕ್ಕೆ ಬಹುಮಾನ ಕೇಳಲು ಪೊಲೀಸು ಠಾಣೆಗೆ ಹೋದ ಹಾಗಾಯಿತು.

ಭಾನುವಾರ ನೇತುಹಾಕಿ ಬಂದಳು. ಬುಧವಾರ ಲಾಂಡ್ರಿ ಮುಗಿಸಿಕೊಂಡು, ಜನ ಏನನ್ನುತ್ತಾರೆ ಕೇಳೋಣವೆಂದು ಕಾರಿಡಾರಿನ ತುದಿಯ ಬೆಂಚಿನ ಮೇಲೆ ಕೂತಳು. ಇಬ್ಬರು ಹೆಂಗಸರು ಬಂದರು. ಬೆಡ್‌ಶೀಟಿನ ಒಂದು ಮೂಲೆ ಎತ್ತಿ, ಹಿಂದೆ ಚಿತ್ರ ಇದೆಯೇ ಎಂದು ಬಗ್ಗಿ ನೋಡಿದರು. ಗೋಡೆ ಕಂಡಿತು. ಪರದೆ ಇನ್ನೂ ತೆಗೆದಿಲ್ಲ ಎಂದುಕೊಂಡು ಮುಂದೆ ಹೋದರು. ಒಬ್ಬ ಗಂಡಸು ಬಂದು, ಸೀನಲು ಹೊರಟು, ಅದರ ಕಡೆಗೊಮ್ಮೆ ನೋಡಿ, ಪುಣ್ಯಕ್ಕೆ ತನ್ನದೇ ಕರವಸ್ತ್ರ ತೆಗೆದ. ಆಮೇಲೆ ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಮೊಣಕೈವರೆಗೆ ಕೆಂಪು ಜೇಡಿ ಮೆತ್ತಿಕೊಂಡ ಕುಂಬಾರ ಹೊರಗೆ ಬಂದ. ಸೀದಾ ನಾನೂರ ಏಳರ ಹತ್ತಿರ ಹೋಗಿ, ಹಾಯಾಗಿ ಕೈ ಒರೆಸಿಕೊಂಡ. ಅಂಗೈ, ಮುಂಗೈ, ಬೆರಳಿನ ಸಂದಿ.

ರಫಮ್ಮ ಎದ್ದು ನಿಂತದ್ದನ್ನು ನೋಡಿ ಅವನು ನಗುತ್ತ ಹೇಳಿದ: "ಯಾರೋ ಪುಣ್ಯಾತ್ಮರು ಟವೆಲ್ ಹಾಕಿದ್ದಾರೆ. ಸೋಮವಾರದಿಂದ ತುಂಬಾ ಅನುಕೂಲವಾಗಿದೆ."

ಆ ಮಾತಿನಲ್ಲಿದ್ದ ಪದಗಳೆಲ್ಲ ದುರದೃಷ್ಟವಶಾತ್ ಅವಳ ನಲವತ್ತರೊಳಗೇ ಇದ್ದವು.

ಅವಳು ಜಗಳವಾಡಲಿಲ್ಲ. ಅತ್ತರೆ ಕಟ್ಟಡವೇ ತೇಲಿ ಹೋಗುತ್ತಿತ್ತೇನೋ, ಅಳಲೂ ಇಲ್ಲ. ಬೆಡ್‌ಶೀಟನ್ನು ಇಳಿಸಿ, ಆ ಖಾಲಿ ಮೂಲೆ ಕೋಣೆಗೆ ಹೋಗಿ, ಎಮ್ಮೆ ತೊಳೆಯುವ ತೊಟ್ಟಿಗೆ ಹಾಕಿ ನಲ್ಲಿ ಬಿಟ್ಟಳು. ಒಮ್ಮೆಯಾದರೂ ಈ ತೊಟ್ಟಿ ಬಳಸಿದ ಹಾಗಾಯಿತಲ್ಲ ಎಂದುಕೊಂಡಳು. ಕುಂಬಾರ ವಿಷಯ ತಿಳಿದು ಮುಖ ತನ್ನ ಮಣ್ಣಿಗಿಂತ ಕೆಂಪಾಗಿ, ಬಾಗಿಲಲ್ಲಿ ನಿಂತು ಕ್ಷಮೆ ಕೇಳುತ್ತಲೇ ಇದ್ದ. ಅವಳು ಉಜ್ಜುತ್ತಲೇ ಇದ್ದಳು. ಕೆಂಪು ನೀರು ಹರಿದು ಹೋಯಿತು. ಬಟ್ಟೆ ಬಿಳುಪಾಯಿತು.

ಪೂರ್ತಿ ಆಗಲಿಲ್ಲ. ಕೈ ಒರೆಸಿದ ಕಡೆ ಉಗುರಿನಗಲದ ಎರಡು ಚೌಕ ಕೆಂಪಗೇ ಉಳಿದವು. ಮತ್ತೆ ಉಜ್ಜಿದಳು. ಹೋಗಲಿಲ್ಲ. ಕಣ್ಣಿನ ಹತ್ತಿರ ತಂದಳು. ಒಂದೆಳೆ ಮೇಲೆ, ಒಂದೆಳೆ ಕೆಳಗೆ. ಅವಳದೇ ರಫು! ಅವಳಿಗೇ ಗುರುತು ಸಿಗದಿದ್ದ ಅವಳ ರಫು, ಮೀನಿನ ಪುಟ್ಟ ಬಲೆಯ ಹಾಗೆ ಒಂದೊಂದೆಳೆಯೂ ಎದ್ದು ಕಾಣುತ್ತಿತ್ತು.

ರಫಮ್ಮನಿಗೆ ಬಟ್ಟೆಯ ಬಗ್ಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಡ್‌ಶೀಟು ಹತ್ತಿ, ಪಾಲಿಯೆಸ್ಟರ್ ಎರಡೂ ಬೆರೆತದ್ದು. ಒಗೆದು ಒಗೆದು ಅದರ ಹತ್ತಿಯೆಲ್ಲ ತೇಯ್ದು, ಅವಳು ಗಾರೆ ಮಾಡಿದ ಆ ಧೂಳಾಗಿ ಹಾರಿಹೋಗಿತ್ತು. ಉಳಿದದ್ದು ಬರೀ ಪಾಲಿಯೆಸ್ಟರ್. ಅದು ಬಣ್ಣಕ್ಕೆ ಬಾಯಿ ತೆರೆಯುವ ಜಾತಿಯಲ್ಲ. ಆದರೆ ರಫು ಹಾಕಿದ್ದು ಹದಿನಾಲ್ಕು ಕಿಲೋ ಹೊತ್ತು ತಂದ ಹತ್ತಿ ದಾರದಲ್ಲಿ. ಹತ್ತಿ ಸಿಕ್ಕಿದ್ದನ್ನೆಲ್ಲ ಕುಡಿಯುತ್ತದೆ.

ಅವಳು ಒದ್ದೆ ಬೆಡ್‌ಶೀಟನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಕುಂಬಾರನ ಮುಂದೆ ನಿಂತು, ಅವನ ಜೇಡಿ ಕೈಯನ್ನೇ ಹಿಡಿದು ಎರಡು ಸಲ ಕುಲುಕಿ ಹೋದಳು. ಬೈಸಿಕೊಳ್ಳಲು ಸಿದ್ಧನಾಗಿದ್ದ ಅವನಿಗೆ ಇವತ್ತಿಗೂ ಅದು ಅರ್ಥವಾಗಿಲ್ಲ.

ಮನೆಯಲ್ಲಿ ಅವಳು ಹೇಳಿದ್ದನ್ನು ಕೇಳಿ ಭಾವ ತಲೆಯ ಮೇಲೆ ಕೈಯಿಟ್ಟುಕೊಂಡರು. "ಅಂದ್ರೆ ಇಷ್ಟು ದಿನ ಕಾಣದೇ ಇರಲಿ ಅಂತ ಪ್ರಾಣ ಬಿಟ್ಟೆ, ಈಗ ಕಾಣಲಿ ಅಂತ ಪ್ರಾಣ ಬಿಡ್ತೀಯ?"

"ಹೌದು ಭಾವ. ಅದಕ್ಕೆ ದೊಡ್ಡ ಪಾತ್ರೆ ಬೇಕು. ಇಡೀ ಬೆಡ್‌ಶೀಟು ಕಾಲು ಚಾಚಿ ಮಲಗಬೇಕು. ಮಡಚಿದ್ರೆ ಬಣ್ಣ ಸಮ ಹತ್ತಲ್ಲ."

"ಅಷ್ಟು ದೊಡ್ಡ ಪಾತ್ರೆ ಈ ಮನೇಲಿ ಎಲ್ಲಿದೆ?"

ರಫಮ್ಮ ಬಚ್ಚಲುಮನೆಯ ಕಡೆ ನೋಡಿದಳು. ಅಲ್ಲಿ ಭಾವನ ಟಬ್ಬಿತ್ತು. ಶನಿವಾರ ಬಂತೆಂದರೆ ಅದರಲ್ಲಿ ಎರಡು ಗಂಟೆ ಮಲಗಿ ರಾಗ ಎಳೆಯುವುದು ಭಾವನ ಮೂವತ್ತು ವರ್ಷದ ವ್ರತ. ಹೆಂಡತಿಯನ್ನಾದರೂ ಬಿಟ್ಟಾರು, ಶನಿವಾರದ ಟಬ್ಬನ್ನಲ್ಲ.

"ಅದೊಂದು ಕೇಳಬೇಡ," ಎಂದರು ಭಾವ.

"ಅವಳೆಲ್ಲಿ ಕೇಳಿದಳು?" ಎಂದವಳು ಅಕ್ಕ. "ನಾನು ಕೇಳ್ತಿದ್ದೀನಿ. ನಾಲ್ಕು ವರ್ಷದ ಹಿಂದೆ ನನ್ನನ್ನ ಎತ್ತಿ ಆ ಟಬ್ಬಿಗೆ ಇಳಿಸಿ ಸ್ನಾನ ಮಾಡಿಸಿದವಳು ಅವಳು. ನೀವು ಆಗ ಲಿಫ್ಟಿನಲ್ಲಿದ್ರಿ."

ಶನಿವಾರ ಬೆಳಗ್ಗೆ ಏಳಕ್ಕೆ ಕುಕ್ಕರು ಹತ್ತಿತು. ಈರುಳ್ಳಿ ಸಿಪ್ಪೆ, ಚಹಾಪುಡಿ, ಮೇಲೆ ಬಣ್ಣ ಕಚ್ಚಲು ಪಟಿಕದ ಪುಡಿ. ಬೆಂದ ನೀರನ್ನು ಸೋಸಿ ಟಬ್ಬಿಗೆ ಸುರಿಯುವುದು, ಮತ್ತೆ ಇಡುವುದು. ಬೇಡ ಬೇಡ ಎನ್ನುತ್ತಿದ್ದ ಭಾವನೇ ಸೊಂಟಕ್ಕೆ ಟವೆಲ್ ಬಿಗಿದು ಒಲೆಯ ಮುಂದೆ ನಿಂತರು. ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತೆರಡು ಸೀಟಿ ಆಗಿತ್ತು. ರೈಲು ಬಂತೆಂದು ಕೆಳಮನೆಯವರು ಪೆಟ್ಟಿಗೆ ಕಟ್ಟಿಕೊಂಡು ರೆಡಿಯಾಗಿದ್ದರಂತೆ. ಕೊನೆಯಲ್ಲಿ ರಫಮ್ಮ ಮೊಳೆ ನೆನೆಸಿದ ತುಕ್ಕಿನ ನೀರನ್ನು ಒಂದು ಲೋಟದಷ್ಟು, ಹೆದರಿ ಹೆದರಿ ಬಿಟ್ಟಳು. ಚಹಾ, ತುಕ್ಕು ಎರಡೂ ಸೇರಿ ಟಬ್ಬು ಕಾಡಿಗೆಯಂತೆ ಕಪ್ಪಾಯಿತು. ನಾನೂರ ಏಳು ಅದರಲ್ಲಿ ಮುಳುಗಿತು.

ಮೂರು ಗಂಟೆಯ ಮೇಲೆ ತೆಗೆದು, ತೊಳೆದು, ಬಾಲ್ಕನಿಯ ತಂತಿಗೆ ಮೂರು ಜನ ಸೇರಿ ಹರವಿದರು. ಬಿಸಿಲು ಹಿಂದಿನಿಂದ ಬಿದ್ದಿತ್ತು.

ಬಟ್ಟೆ ನೀರು ಚಹಾದ ಹಾಗೆ ತೆಳ್ಳಗೆ ಬಣ್ಣ ತಿರುಗಿತ್ತು, ಅಷ್ಟೆ. ಆದರೆ ಅದರ ಮೇಲೆ ರಫುಗಳು ಬಾಣಲೆಯ ತಳದಷ್ಟು ಗಾಢವಾಗಿ ಕಾಣುತ್ತಿದ್ದವು. ಚಿಕ್ಕವು, ದೊಡ್ಡವು, ಉದ್ದನೆಯವು. ರಫಮ್ಮ ಅವುಗಳನ್ನು ಮೂರು ವರ್ಷ ಒಂದೊಂದಾಗಿ, ಮೂಗಿನ ತುದಿಗೆ ಹಿಡಿದು ಮುಚ್ಚಿದವಳು. ಒಟ್ಟಿಗೆ ನೋಡಿದ್ದು ಇದೇ ಮೊದಲು. ಕೆಳಗಡೆ ಅಕ್ಕಪಕ್ಕದಲ್ಲಿ ಎರಡು ದಟ್ಟನೆಯ ಗುಂಪು. ಮೇಲೆ ಎರಡೂ ಬದಿಗೆ ಇನ್ನೆರಡು. ನಡುವೆ ಅಗಲವಾಗಿ ಒಂದು ಹರಹು. ಅದರ ಮೇಲೆ ಬಿಲ್ಲಿನಂತೆ ಬಾಗಿದ ಒಂದು ಸಾಲು. ಅಂಚಿನುದ್ದಕ್ಕೂ ಬೆರಳಿನಗಲದ ಚುಕ್ಕಿಗಳು.

ಮೊದಲು ಮಾತಾಡಿದವಳು ಅಕ್ಕ. ಹತ್ತಿರ ಹೋಗಿ ಕೆಳಗಿನ ಗುಂಪಿನ ಮೇಲೆ ಅಂಗೈ ಇಟ್ಟಳು.

"ಇದು ಹಿಮ್ಮಡಿ ಕಣೇ," ಎಂದಳು. "ಆಸ್ಪತ್ರೆಯಲ್ಲಿ ನೋವು ಬಂದಾಗ ನಾನೂ ಹೀಗೇ ಹಾಸಿಗೆಗೆ ಉಜ್ಜುತ್ತಿದ್ದೆ. ಇದು ಮೊಣಕೈ, ಏಳೋಕೆ ಊರೋದು. ಇಲ್ಲಿ ಅಂಚು ಹಿಡ್ಕೊಳ್ಳೋದು."

ಹಿಮ್ಮಡಿ, ಸೊಂಟ, ಭುಜ, ಮೊಣಕೈ. ಯಾರೋ ಅಲ್ಲಿ ಮಲಗಿದ್ದರು. ಒಬ್ಬರಲ್ಲ, ಎಷ್ಟೋ ವರ್ಷ ಎಷ್ಟೋ ಜನ. ಭಾವ ಒಂದು ನಿಮಿಷ ಏನೂ ತಮಾಷೆ ಮಾಡಲಿಲ್ಲ. ಮೂವತ್ತು ವರ್ಷದಲ್ಲಿ ಅದೇ ಮೊದಲು. ಅಕ್ಕ ಗಾಬರಿಯಾಗಿ ಅವರ ಹಣೆ ಮುಟ್ಟಿ ನೋಡಿದಳು.

ಭಾನುವಾರ ಕಾರಿಡಾರಿನಲ್ಲಿ ಯಾರೂ ಆ ಬಟ್ಟೆಯ ಮೂಲೆ ಎತ್ತಿ ಹಿಂದೆ ಇಣುಕಲಿಲ್ಲ. ಬಂದವರು ನಿಲ್ಲುತ್ತಿದ್ದರು. ನಿಂತವರು ತಮಗೇ ಗೊತ್ತಿಲ್ಲದೆ ತಮ್ಮ ಮೊಣಕೈ ಸವರಿಕೊಳ್ಳುತ್ತಿದ್ದರು. ಕುಂಬಾರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಾವಲು ನಾಯಿಯ ಹಾಗೆ ಪಕ್ಕದಲ್ಲೇ ಇದ್ದ. ಲಾಂಡ್ರಿಯ ಸೂಪರ್‌ವೈಸರ್ ಬಗ್ಗಿ, ಮೂಲೆಯಲ್ಲಿದ್ದ ನಂಬರು ಓದಿದಳು. ನಾನೂರ ಏಳು. ಆಮೇಲೆ ರಫಮ್ಮನ ಕಡೆ ತಿರುಗಿ ನಕ್ಕಳು. ಹಲ್ಲು ಚೆನ್ನಾಗಿಯೇ ಇದ್ದವು.

ಮಗ್ಗದಜ್ಜಿ ಎಲ್ಲರಿಗಿಂತ ಕೊನೆಗೆ ಬಂದರು. ಈ ಸಲ ಬೆರಳು ಮುಂದೆ ಮಾಡಲಿಲ್ಲ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ ಕೇಳಿದರು: "ಯಾರಿದು?"

ರಫಮ್ಮ ತನ್ನ ನಲವತ್ತು ಪದಗಳನ್ನು ಕೊಡವಿ ಹುಡುಕಿದಳು.

"ಎದ್ದು ಮನೆಗೆ ಹೋದವರು."

ಅಜ್ಜಿ ಜೇಬಿನಿಂದ ಬೀಗದ ಕೈ ತೆಗೆದು, ಒಳಗಿನವರ ಕಡೆಗೊಮ್ಮೆ ತಿರುಗಿದರು. ಎಲ್ಲರೂ ತಲೆಯಾಡಿಸಿದರು. ಕುಂಬಾರ 'ಹೌದು' ಎನ್ನುವುದನ್ನು ಎರಡು ಸಲ ಹೇಳಿದ. ಒಂದು ಅಭಿಪ್ರಾಯಕ್ಕೆ, ಇನ್ನೊಂದು ಪ್ರಾಯಶ್ಚಿತ್ತಕ್ಕೆ ಇರಬೇಕು.

ಮೂಲೆ ಕೋಣೆಯ ಬಾಗಿಲು ತೆರೆದು ಅಕ್ಕ ಮೊದಲು ನೋಡಿದ್ದು ಒಲೆಗಳನ್ನು. "ಎರಡು ಒಲೆ! ನನ್ನ ಕುಕ್ಕರು ಇವತ್ತೇ ಬಿಡುಗಡೆ," ಎಂದು ನಿಟ್ಟುಸಿರು ಬಿಟ್ಟಳು. ರಫಮ್ಮ ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. ಕಿಟಕಿಯಾಚೆ ಈ ಸಲ ಪೂರ್ತಿ ಮನುಷ್ಯರು ಓಡಾಡುತ್ತಿದ್ದರು, ತಲೆಯಿಂದ ಚಪ್ಪಲಿಯವರೆಗೆ.

ಅಷ್ಟರಲ್ಲಿ ಕಾರಿಡಾರಿನಿಂದ ಭಾವ ದಾಪುಗಾಲಿಟ್ಟು ಬಂದರು. ದೊಡ್ಡ ದಿನವೆಂದು ಆ ಬೂದು ಪ್ಯಾಂಟನ್ನೇ ಹಾಕಿದ್ದರು. ಮುಖದ ಮೇಲೆ ಗೆದ್ದು ಬಂದವರ ಕಳೆ.

"ಸಿಕ್ಕಿಬಿದ್ದೆ ರಫಮ್ಮ! ಭೂಮಂಡಲದಲ್ಲಿ ಕಣ್ಣೇ ಹುಟ್ಟಿಲ್ಲ ಅಂತಿದ್ದೆ. ಈಗ ನೋಡು, ಕನ್ನಡಕ ಇಲ್ಲದವರಿಗೂ ಎಲ್ಲ ಕಾಣ್ತಿದೆ. ಹೋಗಲಿ ಬಿಡು ಅಂದ್ರೆ, ಲೆಕ್ಕವೂ ಸುಳ್ಳು! ಮುನ್ನೂರ ಹನ್ನೆರಡು ಅಂದಿದ್ದೆ. ನಾನು ಮೂರು ಸಲ ಎಣಿಸಿ ಬಂದೆ. ಮುನ್ನೂರ ಹನ್ನೊಂದೇ ಇರೋದು. ಎಲ್ಲಮ್ಮಾ ಇನ್ನೊಂದು?"

ಅಕ್ಕನಿಗೆ ಮತ್ತೆ ಕೆಮ್ಮು ಬಂತು. ಈ ಸಲ ಓಡಿಹೋಗಲು ಬಾಲ್ಕನಿ ಇರಲಿಲ್ಲ.

ರಫಮ್ಮ ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡಳು.

"ಸರಿಯಾಗೇ ಎಣಿಸಿದ್ದೀರಿ ಭಾವ. ಹೋದ ವರ್ಷ ಅಕ್ಕ ಇಸ್ತ್ರಿಪೆಟ್ಟಿಗೆ ಮರೆತು ಒಂದು ಬಟ್ಟೆ ಸುಟ್ಟಿದ್ದಳು. ಮಾರನೆಯ ದಿನ ಲಾಂಡ್ರಿಯಲ್ಲಿ ಬೆಡ್‌ಶೀಟು ಪಕ್ಕಕ್ಕಿಟ್ಟು ಅದನ್ನು ಹಿಡಿದೆ. ಗಂಟು ಮಾತ್ರ ಅಭ್ಯಾಸಬಲದಲ್ಲಿ ಇದೇ ದಾರಕ್ಕೆ ಬಿತ್ತು. ಆ ಒಂದು ನಿಮ್ಮ ಬೂದು ಪ್ಯಾಂಟಿನ ಹಿಂಭಾಗದಲ್ಲಿದೆ. ಒಂದು ವರ್ಷದಿಂದ ಊರೆಲ್ಲ ಪ್ರದರ್ಶನ ಮಾಡ್ಕೊಂಡು ಓಡಾಡ್ತಿದ್ದೀರಿ, ಒಬ್ಬರಿಗಾದರೂ ಕಾಣಿಸ್ತಾ?"